ಹೆಂಡತಿಗೆ ಗರ್ಭಕಂಠದ ಕ್ಯಾನ್ಸರ್, ಸಿಂಧನೂರಿನಲ್ಲಿದ್ದೇವೆ: ಖರ್ಚಿಗೆ ಮೊದಲು ಯಾವ ಬಾಗಿಲು ತಟ್ಟಬೇಕು?

ಗೌಂಡಿ ಸಿಂಧನೂರು:

ಎಲ್ಲರಿಗೂ ನಮಸ್ಕಾರ. ನಂದು ಗೌಂಡಿ ಕೆಲಸ, ಸಿಂಧನೂರು ತಾಲೂಕು. ಹೆಂಡತಿಗೆ 38 ವರ್ಷ. ರಾಯಚೂರಿನ ಖಾಸಗಿ ಲ್ಯಾಬಿನಲ್ಲಿ ಬಯಾಪ್ಸಿ ಮಾಡಿಸಿದೆವು, ‘ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಸರ್ವಿಕ್ಸ್’ ಅಂತ ವರದಿ ಬಂತು. ನೋಡಿದ ಡಾಕ್ಟರು ಚೀಟಿ ಮೇಲೆ ‘ಸ್ಟೇಜ್ 2ಬಿ’ ಎಂದು ಬರೆದಿದ್ದಾರೆ.

ಇಲ್ಲಿನ ಒಂದು ನರ್ಸಿಂಗ್ ಹೋಮಿನವರು ಗರ್ಭಚೀಲ ತೆಗೆದರೆ ಮುಗೀತು, 90 ಸಾವಿರ ಆಗತ್ತೆ, ನಾಳೆಯೇ ಅಡ್ಮಿಟ್ ಮಾಡಿ ಅಂತಾರೆ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆ 3 ಲಕ್ಷ 80 ಸಾವಿರದ ಎಸ್ಟಿಮೇಟ್ ಕೊಟ್ಟಿದೆ. ಕೈಯಲ್ಲಿ 60 ಸಾವಿರ ಇದೆ, ಮೂರು ತೊಲೆ ಬಂಗಾರ ಇದೆ. ಪರಿಚಯದವರು ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ ಸಾಲ ಕೊಡ್ತೀನಿ ಅಂದಿದ್ದಾರೆ.

ಬಿಪಿಎಲ್ ಕಾರ್ಡ್ ಇದೆ. ಆದರೆ ಅದರಲ್ಲಿ ಅವ್ವ, ನಾನು, ಮಕ್ಕಳು ಮಾತ್ರ. ಹೆಂಡತಿ ಹೆಸರು ಇನ್ನೂ ಸಿರುಗುಪ್ಪ ತಾಲೂಕಿನ ತವರುಮನೆ ಕಾರ್ಡಿನಲ್ಲೇ ಉಳಿದಿದೆ. ಅದೂ ಬಿಪಿಎಲ್ಲೇ. ಕಟ್ಟಡ ಕಾರ್ಮಿಕರ ಲೇಬರ್ ಕಾರ್ಡ್ ಕೂಡ ಇದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದೇ ತಿಳೀತಿಲ್ಲ. ಗೊತ್ತಿದ್ದವರು ಬಿಡಿಸಿ ಹೇಳಿ.


ಕಡತದ ಕಟ್ಟು:

ಇಬ್ಬರಿಗೂ ಈಗ ಒಂದು ರೂಪಾಯಿ ಅಡ್ವಾನ್ಸ್ ಕಟ್ಟಬೇಡಿ. ಯಾಕೆ ಅಂದರೆ ನಿಮಗೆ ಸಿಗಬಹುದಾದ ಸಹಾಯವೆಲ್ಲ ಎರಡು ಬಗೆಯದು. ಕೆಲವು ಚಿಕಿತ್ಸೆ ಶುರುವಾಗುವ ಮುಂಚೆಯೇ ಮಂಜೂರಾಗಬೇಕು, ಕೆಲವನ್ನು ಚಿಕಿತ್ಸೆ ಮುಗಿದ ಮೇಲೆ ಬಿಲ್ ಇಟ್ಟು ಕೇಳಬೇಕು. ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರಿ ಚಿಕಿತ್ಸಾ ಯೋಜನೆ ಮೊದಲನೇ ಬಗೆ. ಪ್ರಧಾನಿ ಪರಿಹಾರ ನಿಧಿಯೂ ಅಷ್ಟೇ. ಲೇಬರ್ ಕಾರ್ಡಿನದು ಎರಡನೇ ಬಗೆ. ಮೊದಲನೇ ಬಗೆಯದಕ್ಕೆ ಕೈಯಿಂದ ಕಟ್ಟಿಬಿಟ್ಟು ಆಮೇಲೆ ಹೋದರೆ ಆ ದುಡ್ಡು ವಾಪಸ್ ಬರಲ್ಲ. ಜನ ದುಡ್ಡು ಕಳಕೊಳ್ಳೋದು ಹೆಚ್ಚಾಗಿ ಇಲ್ಲೇ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ 2018ರಿಂದ ಇದೆ, ನಡೆಸೋದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರ) ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಹಾಗಾಗಿ ನಿಮ್ಮ ಹೆಂಡತಿ ಯಾವ ಕಾರ್ಡಿನಲ್ಲಿ, ಹೇಗೆ ಕಾಣಿಸ್ತಾರೆ ಅನ್ನೋದರ ಮೇಲೆ ಲಕ್ಷಗಟ್ಟಲೆ ವ್ಯತ್ಯಾಸ ಆಗತ್ತೆ.

ಈಗ ಆ ಹೆಸರಿನ ವಿಷಯ. ತವರಿನ ಕಾರ್ಡಿನಿಂದ ಹೆಸರು ತೆಗೆಸಿ ನಿಮ್ಮ ಕಾರ್ಡಿಗೆ ಸೇರಿಸೋಕೆ ಈಗ ಓಡಬೇಡಿ. ಅಲ್ಲಿ ತೆಗೆದದ್ದು ಒಂದೇ ದಿನದಲ್ಲಿ ಆಗಿಬಿಡತ್ತೆ, ಇಲ್ಲಿ ಸೇರಿಸೋದು ಸರ್ವರ್, ಪರಿಶೀಲನೆ ಅಂತ ನಿಂತುಬಿಡತ್ತೆ. ನಡುವೆ ಅವರು ಎರಡೂ ಕಡೆ ಇಲ್ಲದ ಹಾಗಾಗ್ತಾರೆ, ಅಷ್ಟರಲ್ಲಿ ಚಿಕಿತ್ಸೆ ಶುರುವಾಗಬೇಕಿರತ್ತೆ. ತವರಿನ ಕಾರ್ಡ್ ಚಾಲ್ತಿಯಲ್ಲಿದ್ದು, ಅದರಲ್ಲಿ ಅವರ ಹೆಸರಿದ್ದು, ಆಧಾರ್ ಜೋಡಣೆ ಆಗಿದ್ದರೆ ಅದರ ಮೇಲೆಯೇ ಚಿಕಿತ್ಸೆ ನಡೆಯಲಿ. ಒಂದು ಗಮನ ಇರಲಿ: 5 ಲಕ್ಷ ಆ ಕಾರ್ಡಿನ ಇಡೀ ಕುಟುಂಬಕ್ಕೆ ಸೇರಿದ್ದು. ಈ ವರ್ಷ ಅತ್ತೆ ಮಾವ ಯಾರಾದರೂ ಹೃದಯಕ್ಕೋ ಮೊಣಕಾಲಿಗೋ ಬಳಸಿದ್ದರೆ ಉಳಿದಿರೋದು ಎಷ್ಟು ಅಂತ ಆರೋಗ್ಯಮಿತ್ರರನ್ನು (ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳೋ ಸಿಬ್ಬಂದಿ) ಕೇಳಿ. ಅವರ ಕಂಪ್ಯೂಟರಿನಲ್ಲಿ ಕಾಣತ್ತೆ.

ಆ ಕಾರ್ಡಿನಿಂದ ಹೆಸರು ಆಗಲೇ ಹೋಗಿದ್ದರೆ ಮಾತ್ರ ಬೇರೆ ದಾರಿ. ಬಯಾಪ್ಸಿ ವರದಿ ಲಗತ್ತಿಸಿ, ‘ವೈದ್ಯಕೀಯ ತುರ್ತು’ ಎಂದು ಮೇಲೆಯೇ ಬರೆದು ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ ಅರ್ಜಿ ಕೊಡಿ, ಸ್ವೀಕೃತಿ ಮೇಲೆ ಸೀಲು ಹಾಕಿಸಿಕೊಳ್ಳಿ. ಆಹಾರ ಇಲಾಖೆಯ ಸಹಾಯವಾಣಿ 1967.

ಆಮೇಲೆ ಅಕ್ಷರ. ಆಧಾರಿನಲ್ಲಿ ಹುಲಿಗೆಮ್ಮ, ರೇಷನ್ ಕಾರ್ಡಿನಲ್ಲಿ ಹುಲಿಗಮ್ಮ, ಬಯಾಪ್ಸಿ ವರದಿಯಲ್ಲಿ ಹುಲಿಗೆವ್ವ ಅಂತ ಇದ್ದರೆ ಮೂರು ಕಡೆಯೂ ತಕರಾರು. ಲ್ಯಾಬಿನವರಿಗೆ ಆಧಾರ್ ತೋರಿಸಿದರೆ ವರದಿಯ ಹೆಸರನ್ನು ಅವರೇ ತಿದ್ದಿ ಸಹಿ ಹಾಕಿ ಕೊಡ್ತಾರೆ. ಆಧಾರಿಗೆ ಮೊಬೈಲ್ ನಂಬರ್ ಜೋಡಣೆ ಆಗಿದೆಯಾ ಅದನ್ನೂ ನೋಡಿ. ಭತ್ತದ ನಾಟಿ, ಹತ್ತಿ ಬಿಡಿಸೋ ಕೆಲಸ ಮಾಡಿದವರ ಬೆರಳಚ್ಚು ಮಷಿನ್ ಹಿಡಿಯಲ್ಲ. ಆವಾಗ ಓಟಿಪಿಯೇ ಗತಿ, ಓಟಿಪಿ ಹೋಗೋದು ಎಂದೋ ಬಿಸಾಕಿದ ಸಿಮ್ಮಿಗೆ.

ಇನ್ನು ರೆಫರಲ್. ಕ್ಯಾನ್ಸರ್ ಯೋಜನೆಯ ‘ತೃತೀಯ ಹಂತ’ದ, ಅಂದರೆ ದೊಡ್ಡಾಸ್ಪತ್ರೆಯಲ್ಲಿ ಆಗಬೇಕಾದ ಚಿಕಿತ್ಸೆಯ ಪಟ್ಟಿಗೆ ಬರತ್ತೆ (ಇದಕ್ಕೂ ರೋಗದ ಸ್ಟೇಜಿಗೂ ಸಂಬಂಧ ಇಲ್ಲ). ಯೋಜನೆಯಲ್ಲಿ ನೋಂದಾಯಿಸಿದ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕೇ ಬೇಕು. ತಾಲೂಕು ಆಸ್ಪತ್ರೆಯಿಂದ ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ರಿಮ್ಸ್‌ಗೆ ಹೋಗಿ, ಅಲ್ಲಿನ ಯೋಜನೆಯ ಕೌಂಟರಿನಲ್ಲಿ ಆನ್‌ಲೈನ್ ರೆಫರಲ್ ಮಾಡಿಸಿ. ಓಪಿಡಿ ಚೀಟಿಯ ಹಿಂದೆ ‘ಹೈಯರ್ ಸೆಂಟರ್’ ಅಂತ ಗೀಚಿ ಕೊಟ್ಟರೆ ಅದು ರೆಫರಲ್ ಅಲ್ಲ. ರೋಗ, ಹಂತ, ಬೇಕಾದ ಚಿಕಿತ್ಸೆ, ಅದು ಅಲ್ಲಿ ಯಾಕಿಲ್ಲ ಅನ್ನೋದು, ಸಹಿ, ಸೀಲು ಎಲ್ಲಾ ಇರಬೇಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಸರ್ಕಾರಿ ಸ್ವಾಯತ್ತ ಸಂಸ್ಥೆ, ಅಲ್ಲಿಗೆ ನೇರ ಓಪಿಡಿಗೇ ಹೋಗಬಹುದು. ಆದರೂ ರೆಫರಲ್ ಕೈಯಲ್ಲಿರಲಿ. ಅಲ್ಲಿಂದ ಬೇರೆ ಕಡೆ ಹೋಗಬೇಕಾಗಿ ಬಂದರೆ ಅದಕ್ಕೋಸ್ಕರ ರಾಯಚೂರಿಗೆ ವಾಪಸ್ ಬರೋದು ತಪ್ಪತ್ತೆ.

ಆಸ್ಪತ್ರೆ ಸೇರಿದ ಮೇಲೆ ಪ್ರತಿ ಹಂತಕ್ಕೂ ಆರೋಗ್ಯಮಿತ್ರರು ಟ್ರಸ್ಟಿಗೆ ಪೂರ್ವಾನುಮತಿಯ ಕೋರಿಕೆ ಕಳಿಸ್ತಾರೆ. ಅನುಮತಿ ಬಂದ ಮೇಲೆಯೇ ಚಿಕಿತ್ಸೆ. ಬಂದ ಅನುಮತಿಯ ಪ್ರತಿ ನಿಮ್ಮ ಹತ್ತಿರ ಇರಲಿ. ಬಿಪಿಎಲ್ ರೋಗಿಯ ಹತ್ತಿರ ಪ್ಯಾಕೇಜಿನೊಳಗಿನ ಚಿಕಿತ್ಸೆಗೆ ‘ವ್ಯತ್ಯಾಸದ ಹಣ’ ಅಂತ ಕೇಳೋ ಹಾಗಿಲ್ಲ. ಕೇಳಿದರೆ ‘ರಸೀದಿ ಕೊಡಿ’ ಅನ್ನಿ, ಅರ್ಧ ಜನ ಅಲ್ಲೇ ಸುಮ್ಮನಾಗ್ತಾರೆ. ಆಗದಿದ್ದರೆ 104 ಅಥವಾ 14555ಕ್ಕೆ ಫೋನ್ ಮಾಡಿ ದೂರಿನ ನಂಬರ್ ತಗೊಳ್ಳಿ, ಅದನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆದು ಕೊಡಿ.


ಬಿಳಿ ಕೋಟಿಲ್ಲದವ:

ಮೇಲಿನವರು ದುಡ್ಡಿನ ಕಡೆಯಿಂದ ಅಡ್ವಾನ್ಸ್ ಬೇಡ ಅಂದರು. ರೋಗದ ಕಡೆಯಿಂದಲೂ ಅದೇ ಮಾತು. 2ಬಿ ಅಂದರೆ ಗಡ್ಡೆ ಗರ್ಭಕಂಠ ದಾಟಿ ಅಕ್ಕಪಕ್ಕದ ಅಂಗಾಂಶಕ್ಕೆ ಇಳಿದಿದೆ. ಅದಕ್ಕೆ ಇರೋ ಚಿಕಿತ್ಸೆ ರೇಡಿಯೇಷನ್ ಮತ್ತು ಜೊತೆಗೆ ಕೀಮೋ. ಗರ್ಭಚೀಲ ತೆಗೆಯೋದಲ್ಲ. ಈ ಹಂತದಲ್ಲಿ ಮಾಮೂಲಿ ಹಿಸ್ಟರೆಕ್ಟಮಿ ಮಾಡಿದರೆ ಕತ್ತರಿ ಗಡ್ಡೆಯ ಮಧ್ಯದಲ್ಲೇ ಹಾಯತ್ತೆ, ಉಳಿಕೆ ಒಳಗೇ ಇರತ್ತೆ. ಆಮೇಲೆ ಕೊಡೋ ರೇಡಿಯೇಷನ್ನೂ ಕಷ್ಟ: ಗರ್ಭಕೋಶದೊಳಗೆ ಸಲಕರಣೆ ಇಟ್ಟು ಕೊಡೋ ಒಳಗಿನ ಕರೆಂಟಿಗೆ (ರೇಡಿಯೇಷನ್ನಿಗೇ ಜನ ಕರೆಂಟ್ ಅಂತಾರೆ), ಗರ್ಭಕೋಶವೇ ಹೋದ ಮೇಲೆ ಜಾಗ ಇಲ್ಲದಂತಾಗತ್ತೆ, ಮೇಲಿನಿಂದ ಜಾರಿ ಬಂದ ಕರುಳು ಕರೆಂಟಿನ ದಾರಿಗೆ ಸಿಗತ್ತೆ. 90 ಸಾವಿರ ಕೊಟ್ಟು ರೋಗವನ್ನು ಇನ್ನಷ್ಟು ಗೋಜಲು ಮಾಡಿಕೊಂಡ ಹಾಗೆ. ನಮ್ಮ ಕಡೆ ಬಿಳಿಸೆರಗು ಅಂದರೂ ಚೀಲ ತೆಗೆಸೋ ಚಾಳಿ ಇದೆ, ಇದಕ್ಕೂ ಅದನ್ನೇ ಹೇಳ್ತಾರೆ.

ಚಿಕಿತ್ಸೆ ಸಾಮಾನ್ಯವಾಗಿ ಹೀಗಿರತ್ತೆ. ಹೊರಗಿನ ಕರೆಂಟ್ 25 ಸಲ, ಸೋಮವಾರದಿಂದ ಶುಕ್ರವಾರ, ಅಂದರೆ ಐದು ವಾರ. ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಕೀಮೋ, ಒಟ್ಟು ಐದಾರು ಸಲ. ಅದಾದ ಮೇಲೆ ಬ್ರಾಕಿಥೆರಪಿ, ಅಂದರೆ ಒಳಗಿನ ಕರೆಂಟ್, ಆಸ್ಪತ್ರೆಯ ಪದ್ಧತಿಯಂತೆ 2ರಿಂದ 4 ಸಲ. ಎಲ್ಲಾ ಸೇರಿ 8 ವಾರದೊಳಗೆ ಮುಗಿಯಬೇಕು. ಹಬ್ಬ, ಜಾತ್ರೆ, ದುಡ್ಡು ಹೊಂದಿಸೋದು ಅಂತ ನಡುವೆ ನಿಲ್ಲಿಸಿದರೆ ಫಲ ಕುಗ್ಗತ್ತೆ. ಈ ಕಾಯಿಲೆಯಲ್ಲಿ ದಿನ ತಪ್ಪಿಸೋದು ಮದ್ದು ತಪ್ಪಿಸಿದಷ್ಟೇ ಕೆಟ್ಟದ್ದು.

ಅದಕ್ಕೇ ಆಸ್ಪತ್ರೆ ಆರಿಸುವಾಗ ಫೋನಿನಲ್ಲೇ ಕೇಳಿ: ಬ್ರಾಕಿಥೆರಪಿ ನಿಮ್ಮಲ್ಲೇ ಇದೆಯಾ? ಈಗ ಮಷಿನ್ ನಡೀತಿದೆಯಾ? ಹೊಸ ರೋಗಿಗೆ ಎಷ್ಟು ದಿನದ ಕಾಯುವಿಕೆ ಇದೆ? ಆರೋಗ್ಯ ಕರ್ನಾಟಕದಲ್ಲಿ ರೇಡಿಯೇಷನ್ ಮತ್ತು ಬ್ರಾಕಿ ಎರಡೂ ಮಾಡ್ತೀರಾ? ಹೊರಗಿನದು ಮುಗಿಸಿ ‘ಒಳಗಿನದಕ್ಕೆ ಬೇರೆ ಕಡೆ ಹೋಗಿ’ ಅಂದರೆ ಹೊಸ ಆಸ್ಪತ್ರೆ, ಹೊಸ ಅನುಮತಿ, ಹೊಸ ಸರತಿ ಅಂತ ಎರಡು ಮೂರು ವಾರ ಹೋಗತ್ತೆ, ಎಂಟು ವಾರದ ಲೆಕ್ಕ ಅಲ್ಲೇ ತಪ್ಪತ್ತೆ. ಬೆಂಗಳೂರಿನ ಕಿದ್ವಾಯಿ ಬಿಟ್ಟರೆ ಕಲಬುರಗಿಯಲ್ಲಿ ಕಿದ್ವಾಯಿಯದೇ ಶಾಖಾ ಕೇಂದ್ರ ಇದೆ, ಹುಬ್ಬಳ್ಳಿ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಮೂರೂ ಕಡೆ ಇದೇ ಪ್ರಶ್ನೆ ಕೇಳಿ ಆಮೇಲೆ ತೀರ್ಮಾನಿಸಿ.

ಬಯಾಪ್ಸಿ ವರದಿಯ ಕಾಗದ ಒಂದೇ ಸಾಲದು. ಲ್ಯಾಬಿನಿಂದ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಎರಡನ್ನೂ ಕೇಳಿ ತಗೊಳ್ಳಿ. ಬ್ಲಾಕ್ ಅಂದರೆ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಜಾಲರಿ ಪ್ಲಾಸ್ಟಿಕ್ ಡಬ್ಬಿ, ಅದರ ಮೇಲೆ ಬಿಳಿ ಮೇಣ, ಮೇಣದ ನಡುವೆ ಚುಕ್ಕೆಯಷ್ಟು ಮಾಂಸ. ಓರೆಯಾದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ನಂಬರ್ ಇರತ್ತೆ. ಆ ನಂಬರೂ ವರದಿಯ ನಂಬರೂ ಒಂದೇನಾ ಅಂತ ಅಲ್ಲೇ ನಿಂತು ನೋಡಿ. ದೊಡ್ಡಾಸ್ಪತ್ರೆಯವರು ತಮ್ಮಲ್ಲೇ ಮತ್ತೊಮ್ಮೆ ಪರೀಕ್ಷಿಸದೆ ರೇಡಿಯೇಷನ್ ಶುರು ಮಾಡಲ್ಲ. ಸ್ಲೈಡ್, ಬ್ಲಾಕ್ ಇಲ್ಲದಿದ್ದರೆ ಮತ್ತೆ ಬಯಾಪ್ಸಿ, ಮತ್ತೆ ಒಂದು ವಾರ. ನಮ್ಮ ರಾಯಚೂರು ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿ ಮಾತ್ರ ಇಡಬೇಡಿ, ಮೇಣ ಮೆತ್ತಗಾಗತ್ತೆ. ಗಟ್ಟಿ ಡಬ್ಬಿಯಲ್ಲಿ ಹತ್ತಿ ಹಾಕಿ ಕೈಚೀಲದಲ್ಲಿಡಿ.

ಹೋಗೋ ಮುಂಚೆ ಎರಡು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಮತ್ತು ಕ್ರಿಯಾಟಿನಿನ್. ಈ ರೋಗದಲ್ಲಿ ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ 7, 8ಕ್ಕೆ ಇಳಿದಿರತ್ತೆ. 10ರ ಮೇಲಿದ್ದರೆ ರೇಡಿಯೇಷನ್ ಚೆನ್ನಾಗಿ ಕೆಲಸ ಮಾಡತ್ತೆ, ಇಲ್ಲದಿದ್ದರೆ ಮೊದಲು ರಕ್ತ ಏರಿಸ್ತಾರೆ. ಊರಲ್ಲೇ, ತಾಲೂಕು ಆಸ್ಪತ್ರೆಯಲ್ಲೇ ಅದನ್ನು ಮುಗಿಸಿದರೆ ಬೆಂಗಳೂರಿನಲ್ಲಿ ರಕ್ತ ಕೊಡೋರನ್ನು ಹುಡುಕೋ ಪಾಡು ತಪ್ಪತ್ತೆ. ಕ್ರಿಯಾಟಿನಿನ್ ಏರಿದ್ದರೆ ಗಡ್ಡೆ ಮೂತ್ರನಾಳ ಒತ್ತುತ್ತಿದೆ ಅಂತ ಅನುಮಾನಿಸಬೇಕು, ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗತ್ತೆ. ಅದನ್ನು ಸರಿಪಡಿಸದೆ ಸಿಸ್‌ಪ್ಲಾಟಿನ್ ಕೊಡಲ್ಲ, ಅದು ಕಿಡ್ನಿಗೆ ಪೆಟ್ಟು ಕೊಡಬಹುದಾದ ಮದ್ದು. ಅದೇ ಕಾರಣಕ್ಕೆ ಚಿಕಿತ್ಸೆ ನಡೆಯುವಾಗ ಮೆಡಿಕಲ್ ಶಾಪಿನಿಂದ ಡೈಕ್ಲೋಫಿನಾಕ್‌ನಂಥ ನೋವಿನ ಗುಳಿಗೆ ತಂದು ಕೊಡಬೇಡಿ, ನೋವಿಗೂ ಅಲ್ಲಿನ ಡಾಕ್ಟರನ್ನೇ ಕೇಳಿ.

ಸಿಸ್‌ಪ್ಲಾಟಿನ್ ಹಳೇ ಮದ್ದು, ಅಗ್ಗದ್ದು. ‘ಕೀಮೋ’ ಅನ್ನೋ ಶಬ್ದ ಕೇಳಿ ಲಕ್ಷಗಳ ಲೆಕ್ಕ ಹಾಕಬೇಡಿ. ಎಸ್ಟಿಮೇಟಿನಲ್ಲಿ ದೊಡ್ಡ ಮೊತ್ತ ರೇಡಿಯೇಷನ್ನಿನದೇ. ಪೆಟ್ ಸ್ಕ್ಯಾನ್ ಅಂತ ಒಂದು ಸಾಲು ಇದ್ದರೆ ಅದು ಕಡ್ಡಾಯವಾ ಅಂತ ಕೇಳಿ, ಈ ರೋಗಕ್ಕೆ ಎಷ್ಟೋ ಕಡೆ ಎಂಆರ್‌ಐ ಅಥವಾ ಸಿಟಿಯಲ್ಲೇ ನಿರ್ಧಾರ ಮಾಡ್ತಾರೆ.


ಗೌಂಡಿ ಸಿಂಧನೂರು:

ಇಬ್ಬರಿಗೂ ದೊಡ್ಡ ಉಪಕಾರ. ನರ್ಸಿಂಗ್ ಹೋಮಿಗೆ ಬರಲ್ಲ ಅಂತ ಹೇಳಿದೆ. ತವರಿನ ಕಾರ್ಡ್ ನೋಡಿದೆ, ಹೆಸರಿದೆ, ಆಧಾರ್ ಜೋಡಣೆಯೂ ಆಗಿದೆ.

ಎರಡು ಸಂದೇಹ. ಲೇಬರ್ ಕಾರ್ಡಿನದು ಎಷ್ಟು ಸಿಗತ್ತೆ, ಹೆಂಡತಿಗೂ ಬರತ್ತಾ? ಇನ್ನೊಂದು, ರಾಯಚೂರು ಎಂಪಿ ಹತ್ತಿರ ಪತ್ರ ತಂದರೆ ಪ್ರಧಾನಿ ನಿಧಿಯಿಂದ ದುಡ್ಡು ಬರತ್ತೆ ಅಂತ ಒಬ್ಬರು ಅಂದರು, ಹೌದಾ?


ಮಸ್ಕಿ ಮಂದಿ:

ಅಣ್ಣಾರ, ರಾಯಚೂರು ಎಂಪಿ ಕಡೆ ಹೋಗಬ್ಯಾಡ್ರಿ. ನಿಮ್ಮ ಜಿಲ್ಲಾ ರಾಯಚೂರು ಖರೆ, ಆದ್ರ ಸಿಂಧನೂರು, ಮಸ್ಕಿ ಎರಡೂ ಕೊಪ್ಪಳ ಲೋಕಸಭಾ ಕ್ಷೇತ್ರಕ್ಕ ಸೇರ್ತಾವ. ಹೆಂಡ್ತಿ ತವರು ಸಿರುಗುಪ್ಪನೂ ಕೊಪ್ಪಳಕ್ಕ. ಕೊಪ್ಪಳ ಎಂಪಿ ಕಚೇರಿಗೇ ಹೋಗ್ರಿ. ತಪ್ಪು ಕಚೇರಿ ಮುಂದ ಒಂದು ದಿನ ಕುಂತು ವಾಪಸ್ ಬರೋ ಮಂದಿ ಭಾಳ.

ಪ್ರಧಾನಿ ರಾಷ್ಟ್ರೀಯ ಪರಿಹಾರ ನಿಧಿಗೆ ಅರ್ಜಿ ಫಾರ್ಮ್ ಐತಿ. ರೋಗಿಯ ಎರಡು ಫೋಟೋ, ವಿಳಾಸದ ಪುರಾವೆ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ರೋಗ ಏನು, ಖರ್ಚು ಎಷ್ಟು ಅಂತ ಡಾಕ್ಟರು ಸಹಿ, ಸೀಲು ಹಾಕಿದ ಅಸಲಿ ಪ್ರಮಾಣಪತ್ರ, ಅದರ ಜೊತಿಗೆ ಎಂಪಿ ಶಿಫಾರಸು ಪತ್ರ. ರೊಕ್ಕ ನಿಮ್ಮ ಖಾತೆಗೆ ಬರಂಗಿಲ್ಲ, ಸೀದಾ ಆಸ್ಪತ್ರೆಗೆ ಹೋಗ್ತದ. ಖರ್ಚು ಮಾಡಿ ಆದಮ್ಯಾಲ ಕೇಳಿದ್ರ ಕೊಡಂಗಿಲ್ಲ. ಪೂರಾ ಖರ್ಚು ಕೊಡ್ತಾರಂತನೂ ತಿಳ್ಕಾಬ್ಯಾಡ್ರಿ, ಒಂದು ಭಾಗ ಅಷ್ಟ. ಆರೋಗ್ಯ ಕರ್ನಾಟಕದಾಗ ಎಲ್ಲಾ ನಡದ್ರ ಇದರ ಗೊಡವಿನೇ ಬ್ಯಾಡ. ಪ್ಯಾಕೇಜ್ ಸಾಲದ್ದಕ್ಕ ಇಟ್ಕೊಳ್ರಿ.

ಲೇಬರ್ ಕಾರ್ಡ್ ಮುಖ್ಯ. ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ದೊಡ್ಡ ರೋಗಗಳಿಗೆ 2 ಲಕ್ಷದ ತನಕ ಕೊಡ್ತದ, ಕ್ಯಾನ್ಸರ್ ಆ ಪಟ್ಟಿಯಾಗ ಐತಿ, ಅವಲಂಬಿತರಂತ ಹೆಂಡ್ತಿಗೂ ಬರ್ತದ. ಆದ್ರ ಕಾರ್ಡ್ ಚಾಲ್ತಿ ಇರಬೇಕು. ಇವತ್ತೇ ಕಾರ್ಡ್ ಹಿಂದಿನ ತಾರೀಖು ನೋಡ್ರಿ. ನವೀಕರಣ ಮುಗದಿದ್ರ ಮೊದಲು ಅದು. 90 ದಿನ ಕೆಲಸ ಮಾಡೀನಿ ಅನ್ನೋ ಪ್ರಮಾಣಪತ್ರ ಬೇಕಾಗ್ತದ, ಮನಿ ಕಟ್ಟಿಸಾಕತ್ತವರ ಕಡಿಂದನೋ ಗುತ್ತಿಗೆದಾರರ ಕಡಿಂದನೋ ಬರೆಸ್ಕೊಳ್ರಿ. ಕಾರ್ಡಿನಾಗ ಹೆಂಡ್ತಿ ಹೆಸರು ಅವಲಂಬಿತರ ಸಾಲಿನಾಗ ಐತೇನು ಅದೂ ನೋಡ್ರಿ. ಅರ್ಜಿ ಆನ್‌ಲೈನ್, ಸಂದೇಹ ಇದ್ರ ಸಿಂಧನೂರಿನ ಕಾರ್ಮಿಕ ನಿರೀಕ್ಷಕರ ಕಚೇರಿ, ಇಲ್ಲಾಂದ್ರ ಕಾರ್ಮಿಕ ಸಹಾಯವಾಣಿ 155214.

ಇಲ್ಲಿ ಎಲ್ಲಾರೂ ಸಿಕ್ಕೊಳ್ಳೋದು ಒಂದ ಕಡೆ. ಮಂಡಳಿ ಅರ್ಜಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ ಸಹಿ, ಆಸ್ಪತ್ರೆ ಸೀಲು ಬೇಕು. ಮನಿಗೆ ಬಂದು ಫಾರ್ಮ್ ತಗದು ನೋಡಿದಾಗ ಗೊತ್ತಾಗ್ತದ. ಆವಾಗ ಒಂದು ಸಹಿಗೆ ಮತ್ತ ಬೆಂಗಳೂರಿಗೆ ಹೋಗಬೇಕು. ಫಾರ್ಮ್ ಈಗಲೇ ಪ್ರಿಂಟ್ ತಗೊಂಡು ಫೈಲಿನಾಗ ಇಟ್ಕೊಂಡೇ ಹೋಗ್ರಿ, ಡಿಸ್ಚಾರ್ಜ್ ಆಗೋ ದಿನ ಸಹಿ ಹಾಕಿಸ್ರಿ. ಗಡುವು ಇರ್ತದ, ಡಿಸ್ಚಾರ್ಜ್ ಆದ ವಾರದಾಗ ಅರ್ಜಿ ಹಾಕಿಬಿಡ್ರಿ. ಮತ್ತ ಬಿಲ್: ಕೈಯಿಂದ ಕೊಟ್ಟ ಔಷಧ, ಪರೀಕ್ಷೆ, ಸ್ಕ್ಯಾನಿಂಗ್ ಒಂದೊಂದಕ್ಕೂ ರೋಗಿ ಹೆಸರಿನ, ನಂಬರ್ ಇರೋ ಅಸಲಿ ಬಿಲ್. ‘ಎಸ್ಟಿಮೇಟ್’ ಅಂತ ಬರದ ಬಿಳಿ ಚೀಟಿ ನಡಿಯಂಗಿಲ್ಲ. ಮೆಡಿಕಲ್ ಶಾಪಿನ ಥರ್ಮಲ್ ಕಾಗದದ ಬಿಲ್ ಎರಡು ತಿಂಗಳಿಗೆ ಬೆಳ್ಳಗಾಗ್ತದ, ಅವತ್ತೇ ಜೆರಾಕ್ಸ್ ಮಾಡಿಸಿ ಅಸಲಿ ಜೊತಿಗೆ ಪಿನ್ ಹಾಕ್ರಿ.

ಮುಖ್ಯಮಂತ್ರಿ ಪರಿಹಾರ ನಿಧಿನೂ ಐತಿ. ಮನವಿ ಪತ್ರ, ರೇಷನ್ ಕಾರ್ಡ್, ಆಧಾರ್, ಡಿಸ್ಚಾರ್ಜ್ ಸಮರಿ, ಬಿಲ್, ಬ್ಯಾಂಕ್ ಪಾಸ್‌ಬುಕ್, ನಿಮ್ಮ ಎಮ್ಮೆಲ್ಲೆ ಪತ್ರ. ಒಂದ ಬಿಲ್ಲನ್ನ ಎರಡು ಕಡೆ ಇಡಬ್ಯಾಡ್ರಿ, ಸಿಕ್ಕಿಬಿದ್ರ ಎರಡೂ ಹೋಗ್ತಾವ. ಮಂಡಳಿಗೆ ಕೊಟ್ಟ ಬಿಲ್ ಯಾವುದು, ಇದಕ್ಕ ಇಟ್ಟದ್ದು ಯಾವುದು ಅಂತ ಮೊದಲೇ ಬ್ಯಾರೆ ಮಾಡಿ ಪಟ್ಟಿ ಬರೀರಿ.

‘ಫೈಲ್ ನಾನು ಪಾಸ್ ಮಾಡಿಸ್ತೀನಿ, ಹತ್ತು ಪರ್ಸೆಂಟ್ ಕೊಡ್ರಿ’ ಅಂತ ಫೋನ್ ಮಾಡೋರು ಇರ್ತಾರ. ಇವ್ಯಾವುದಕ್ಕೂ ಫೀ ಇಲ್ಲ.


ಹಂಪಿ ಎಕ್ಸ್‌ಪ್ರೆಸ್:

ಚಿಕಿತ್ಸೆ ಉಚಿತ ಆದರೂ ಎಂಟು ವಾರ ಬೆಂಗಳೂರಿನಲ್ಲಿ ಇಬ್ಬರು ಉಣ್ಣಬೇಕು, ಮಲಗಬೇಕು, ಆ ಎಂಟು ವಾರ ನಿಮ್ಮ ಪಗಾರ ಇರಲ್ಲ. ನಿಮ್ಮ 60 ಸಾವಿರ ಇದಕ್ಕೇ ಇರಲಿ, ಯಾವ ಕೌಂಟರಿಗೂ ಕಟ್ಟಬೇಡಿ.

ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆ ಹೋಗಿಬರಲು ಸ್ಲೀಪರ್ ಮತ್ತು 3 ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಅದೇ ದರ್ಜೆಯಲ್ಲಿ ಶೇ. 75. ಆಸ್ಪತ್ರೆಯವರು ರೈಲ್ವೆಯ ನಮೂನೆಯಲ್ಲೇ ಪ್ರಮಾಣಪತ್ರ ಕೊಡಬೇಕು, ಟಿಕೆಟ್ ಸ್ಟೇಷನ್ ಕೌಂಟರಿನಲ್ಲಿ ತೆಗೀಬೇಕು. ಮೊದಲ ಸಲ ಹೋಗುವಾಗ ಆ ಪತ್ರ ಇರಲ್ಲ, ನೋಂದಣಿ ಆದ ದಿನವೇ ಕೇಳಿ ತಗೊಳ್ಳಿ. ಸಿಂಧನೂರಿನಿಂದಲೇ ಈಗ ಯಶವಂತಪುರಕ್ಕೆ ರೈಲಿದೆ. ರಾಯಚೂರಿನಿಂದ ಉದ್ಯಾನ್, ಕೊಪ್ಪಳ, ಹೊಸಪೇಟೆ, ಬಳ್ಳಾರಿ ಕಡೆಯವರಿಗೆ ಹಂಪಿ. ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ಹೆಂಡತಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಆಧಾರ್ ತೋರಿಸಿದರೆ ಸಾಕು. ಆದರೆ ಮೂರನೇ ವಾರದಿಂದ ಭೇದಿ, ಸುಸ್ತು ಶುರುವಾಗತ್ತೆ, ಆಗ ರಾತ್ರಿಯೆಲ್ಲ ಕೂತು ಹೋಗೋ ಬಸ್ಸು ಕಷ್ಟ. ಶೌಚಾಲಯ ಇರೋ ರೈಲೇ ಮೇಲು.

ಕಿದ್ವಾಯಿ ಆವರಣದಲ್ಲಿ ಇನ್ಫೋಸಿಸ್‌ನವರು ಕಟ್ಟಿಸಿದ ಧರ್ಮಶಾಲೆ ಇದೆ. ನೋಂದಣಿ ಆದ ತಕ್ಷಣ ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಕೊಠಡಿಗೆ ಹೋಗಿ ‘ದೂರದ ಜಿಲ್ಲೆ, ಐದು ವಾರ ರೇಡಿಯೇಷನ್’ ಅಂತ ಹೇಳಿ ಹೆಸರು ಬರೆಸಿ. ಅಲ್ಲೇ ಇನ್ನೊಂದು ವಿಷಯ ಕೇಳಿ: ಕೇಂದ್ರ ಸರ್ಕಾರದ ಆರೋಗ್ಯ ಮಂತ್ರಿಗಳ ಕ್ಯಾನ್ಸರ್ ರೋಗಿಗಳ ನಿಧಿ. ಅದು ಕಿದ್ವಾಯಿಯಂಥ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳ ಮೂಲಕ ಬಡ ರೋಗಿಗಳಿಗೆ ಸಿಗೋದು. ಆರೋಗ್ಯ ಕರ್ನಾಟಕದ ಪ್ಯಾಕೇಜಿನಲ್ಲಿ ಇಲ್ಲದ ಚಿಕಿತ್ಸೆ ಬಂದಾಗ ಮಾತ್ರ ಅದರ ಕೆಲಸ.

ಶನಿವಾರ, ಭಾನುವಾರ ರಜೆ ಅಂತ ಪ್ರತಿ ವಾರ ಊರಿಗೆ ಬರೋ ಯೋಚನೆ ಬಿಡಿ. ಹೆಚ್ಚುಕಡಿಮೆ 400 ಕಿ.ಮೀ. ದಾರಿ, ಸೋಮವಾರ ಬೆಳಿಗ್ಗೆ ರೈಲು ತಡವಾದರೆ ಒಂದು ದಿನದ ಕರೆಂಟ್ ಹೋಯಿತು. ನೀವೇ ಎಂಟು ವಾರ ಇರಬೇಕಂತಲೂ ಇಲ್ಲ. ಅವರ ಅಕ್ಕ ತಂಗಿಯೋ ತಾಯಿಯೋ ಪಾಳಿಯಲ್ಲಿ ಬಂದರೆ ನೀವು ಎರಡು ವಾರಕ್ಕೊಮ್ಮೆ ಊರಿಗೆ ಬಂದು ಕೆಲಸ ಮಾಡಬಹುದು. ಅನುಮತಿ, ಸಹಿ ಅಂತ ಕೆಲಸ ಇರೋ ಮೊದಲ ವಾರ ಮತ್ತು ಬ್ರಾಕಿಥೆರಪಿಯ ವಾರ ಮಾತ್ರ ನೀವೇ ಇರಿ.

ಸಾಲದ ಬಗ್ಗೆ. ನೂರಕ್ಕೆ ಮೂರು ಅಂದರೆ ವರ್ಷಕ್ಕೆ ಶೇ. 36. ಒಂದು ಲಕ್ಷಕ್ಕೆ ತಿಂಗಳಿಗೆ 3,000 ಬರೀ ಬಡ್ಡಿ. ಬೇಕೇಬೇಕಾದರೆ ಬಂಗಾರವನ್ನು ಬ್ಯಾಂಕಿನಲ್ಲೋ ಸಹಕಾರಿ ಸಂಘದಲ್ಲೋ ಅಡ ಇಡಿ, ಬಡ್ಡಿ ಅದರ ಮೂರನೇ ಒಂದು ಭಾಗದ ಆಸುಪಾಸು. ಮೂರೂ ತೊಲೆ ಒಂದೇ ಸಲ ಇಡಬೇಡಿ, ಒಂದು ತೊಲೆಯಿಂದ ಶುರು ಮಾಡಿ. ಚಿಕಿತ್ಸೆ ಮುಗಿದ ಮೇಲೂ ಮೊದಲ ಎರಡು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು, ಅದಕ್ಕೂ ಏನಾದರೂ ಉಳಿದಿರಲಿ.

ಆನ್‌ಲೈನಿನಲ್ಲಿ ಚಂದಾ ಎತ್ತೋದು ಕೊನೆಯ ದಾರಿ. ಎತ್ತಿದರೂ ಆಧಾರ್, ಪಾಸ್‌ಬುಕ್ ಫೋಟೋ ವಾಟ್ಸಾಪ್ ಗುಂಪುಗಳಲ್ಲಿ ಹಂಚಬೇಡಿ.


ಬಿಳಿ ಕೋಟಿಲ್ಲದವ:

ಹಂಪಿಯವರ ಭೇದಿಯ ಮಾತಿಗೆ ಒಂದು ಸೇರಿಸ್ತೀನಿ. ಮೂರನೇ ವಾರದಿಂದ ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಮೆಣಸಿನಕಾಯಿ ಚಟ್ನಿ ಬಿಡಿಸಿ. ಮೆತ್ತಗಿನ ಅನ್ನ, ಮಜ್ಜಿಗೆ, ಬಾಳೆಹಣ್ಣು, ಓಆರ್‌ಎಸ್. ದಿನಕ್ಕೆ ಆರೇಳು ಸಲಕ್ಕಿಂತ ಹೆಚ್ಚಾದರೆ, ಅಥವಾ ಜ್ವರ 100.4 ಡಿಗ್ರಿ ಮುಟ್ಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಒಂದು ಡಿಜಿಟಲ್ ಥರ್ಮಾಮೀಟರ್ ಈಗಲೇ ಕೊಂಡು ಚೀಲಕ್ಕೆ ಹಾಕಿಕೊಳ್ಳಿ. ಸುಸ್ತು ಅಂತ ಸುಮ್ಮನಿದ್ದು ಐಸಿಯು ಸೇರಿದರೆ ಎಲ್ಲರ ಲೆಕ್ಕವೂ ತಲೆಕೆಳಗಾಗತ್ತೆ.


ಕಡತದ ಕಟ್ಟು:

ಇನ್ನೊಂದು ಉಳಿದಿತ್ತು. ಯೋಜನೆಯಲ್ಲಿ ಅನುಮತಿಗೆ ಮುಂಚೆ ಹೊರಗೆ ಮಾಡಿಸಿದ ಬಯಾಪ್ಸಿ, ಸ್ಕ್ಯಾನಿಂಗ್‌ನ ದುಡ್ಡು ವಾಪಸ್ ಬರಲ್ಲ. ಆ ಬಿಲ್ ಬಿಸಾಕಬೇಡಿ, ಮಸ್ಕಿಯವರು ಹೇಳಿದ ಮಂಡಳಿಯ ಕಟ್ಟಿಗೆ ಸೇರಿಸಿ. ಎಂಆರ್‌ಐ, ಸಿಟಿ ಇನ್ನೂ ಮಾಡಿಸಿಲ್ಲ ಅಂದರೆ ಖಾಸಗಿಗೆ ಹೋಗಬೇಡಿ, ರೆಫರಲ್‌ಗೆ ರಿಮ್ಸ್‌ಗೆ ಹೋದಾಗ ಬಿಪಿಎಲ್ ಕಾರ್ಡ್ ತೋರಿಸಿ ಅಲ್ಲೇ ಕೇಳಿ.

ಹಾಗಾಗಿ ಸೋಮವಾರ ಲ್ಯಾಬಿನಿಂದ ಸ್ಲೈಡ್, ಬ್ಲಾಕ್ ತಗೊಂಡು ಅಲ್ಲಿಂದಲೇ ರಿಮ್ಸ್‌ಗೆ. ತವರಿನ ರೇಷನ್ ಕಾರ್ಡಿನ ಅಸಲಿ ಪ್ರತಿ ಭಾನುವಾರದೊಳಗೆ ಸಿರುಗುಪ್ಪದಿಂದ ತರಿಸಿಕೊಳ್ಳಿ. ಹೆಂಡತಿಯನ್ನು ಕರಕೊಂಡೇ ಹೋಗಿ, ಬೆರಳಚ್ಚು ಅವರದೇ ಬೇಕು.